ಒಂದೇ ಡಯಲ್‌ನಲ್ಲಿ ಇಡೀ ನಕ್ಷೆ: ಎಚ್‌ಎಸ್‌ಐ ಓದುವ ಬಗೆ

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಉಪಕರಣದ ಬಗ್ಗೆ ಮಾತಾಡುತ್ತೇನೆ. ಅದರ ಪೂರ್ತಿ ಹೆಸರು ಹಾರಿಜಾಂಟಲ್ ಸಿಚುಯೇಶನ್ ಇಂಡಿಕೇಟರ್. ಕಾಕ್‌ಪಿಟ್‌ನಲ್ಲಿ ಯಾರೂ ಅಷ್ಟುದ್ದ ಹೇಳುವುದಿಲ್ಲ, ಎಚ್‌ಎಸ್‌ಐ ಅಂತಾರೆ. ಇಲ್ಲಿ ವಿಮಾನ ಹಾರಿಸಲು ಕಲಿಯುತ್ತಿರುವವರಿದ್ದೀರಿ, ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಹಾರಿಸುವವರಿದ್ದೀರಿ, ಸುಮ್ನೆ ಕುತೂಹಲಕ್ಕೆ ಬಂದವರೂ ಇದ್ದೀರಿ. ಹಾಗಾಗಿ ಬುಡದಿಂದಲೇ ಶುರು ಮಾಡುತ್ತೇನೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಎಚ್‌ಎಸ್‌ಐ ನಿಮ್ಮ ವಿಮಾನವನ್ನು ಮೇಲಿನಿಂದ ನೋಡಿದ ಹಾಗೆ ಒಂದು ಚಿತ್ರ ಕೊಡುತ್ತದೆ. ಆ ಚಿತ್ರವನ್ನು ಚಿತ್ರವಾಗಿಯೇ ನೋಡಲು ಕಲಿತರೆ ರೇಡಿಯೋ ನ್ಯಾವಿಗೇಶನ್‌ನ ಅರ್ಧ ತಲೆನೋವು ಹೋಗುತ್ತದೆ. ಆದರೆ ಆ ಚಿತ್ರ ನಿಜ ಆಗಿರಬೇಕಾದರೆ ಎರಡು ಸಂಗತಿ ಸರಿ ಇರಬೇಕು. ಒಂದು, ಉಪಕರಣ ತೋರಿಸುತ್ತಿರುವ ಹೆಡಿಂಗ್, ಅಂದರೆ ವಿಮಾನದ ಮೂಗು ಇರುವ ದಿಕ್ಕು. ಎರಡು, ನೀವು ತಿರುಗಿಸಿಟ್ಟ ಬಾಣ. ಇವೆರಡರಲ್ಲಿ ಒಂದು ತಪ್ಪಿದರೂ ಚಿತ್ರ ಅಚ್ಚುಕಟ್ಟಾಗಿಯೇ ಕಾಣುತ್ತದೆ, ಆದರೆ ಸುಳ್ಳು ಹೇಳುತ್ತದೆ.

ಎಚ್‌ಎಸ್‌ಐ ಬರುವ ಮುಂಚೆ ಪೈಲಟ್ ಎದುರಿಗೆ ಎರಡು ಬೇರೆ ಬೇರೆ ಡಯಲ್ ಇರುತ್ತಿದ್ದವು. ಚಿಕ್ಕ ವಿಮಾನಗಳಲ್ಲಿ ಈಗಲೂ ಇವೆ. ಒಂದು ಹೆಡಿಂಗ್ ಇಂಡಿಕೇಟರ್, ಅಂದರೆ ಗೈರೊ (ಜೋರಾಗಿ ಸುತ್ತುತ್ತಾ ತನ್ನ ದಿಕ್ಕು ಬಿಡದ ಚಕ್ರ) ಹೇಳುವ ದಿಕ್ಕು. ಇನ್ನೊಂದು ಸಿಡಿಐ. ನಾವು ಹಿಡಿಯಬೇಕಾದ ಗೆರೆ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಒಂದು ಮುಳ್ಳಿನಲ್ಲಿ ತೋರಿಸುವ ಉಪಕರಣ ಅದು. ಒಂದು ಕಣ್ಣು ಅಲ್ಲಿ, ಒಂದು ಕಣ್ಣು ಇಲ್ಲಿ. ಎರಡನ್ನೂ ಕೂಡಿಸಿ ನಾನು ಎಲ್ಲಿದ್ದೇನೆ ಎಂದು ಲೆಕ್ಕ ಹಾಕುವ ಕೆಲಸ ಪೈಲಟ್‌ನ ತಲೆಗೆ. ಮೋಡದ ಒಳಗೆ, ಅಲುಗಾಟದಲ್ಲಿ, ರೇಡಿಯೋದಲ್ಲಿ ಮಾತಾಡುತ್ತಾ ಆ ಲೆಕ್ಕ ಹಾಕುವುದು ಸುಲಭ ಅಲ್ಲ. ಎಚ್‌ಎಸ್‌ಐ ಮಾಡಿದ್ದೇನು? ಆ ಎರಡು ಡಯಲ್‌ಗಳನ್ನು ಒಂದರ ಮೇಲೊಂದು ಕೂರಿಸಿತು.

ಮೊದಲು ಹೆಡಿಂಗ್ ವಿಷಯ. ಕಾಂತದ ದಿಕ್ಸೂಚಿ ಇರುವಾಗ ಗೈರೊ ಯಾಕೆ ಬೇಕು? ದಿಕ್ಸೂಚಿ ನೆಟ್ಟಗೆ, ಒಂದೇ ವೇಗದಲ್ಲಿ ಹೋಗುವಾಗ ಮಾತ್ರ ನೆಚ್ಚಿಗೆಯದು. ತಿರುಗಿದರೆ, ವೇಗ ಹೆಚ್ಚಿಸಿದರೆ, ಕಡಿಮೆ ಮಾಡಿದರೆ ಅದು ಓಲಾಡುತ್ತದೆ. ಗೈರೊ ಹಾಗಲ್ಲ, ತಿರುವಿನಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. 1929ರ ಸೆಪ್ಟೆಂಬರ್ 24ರಂದು ಜಿಮ್ಮಿ ಡೂಲಿಟಲ್ ಅಮೆರಿಕದ ಮಿಚೆಲ್ ಫೀಲ್ಡ್‌ನಲ್ಲಿ ಹೊರಗೆ ನೋಡದೆ, ಬರೀ ಉಪಕರಣಗಳನ್ನು ನಂಬಿ ಹಾರಿ ಇಳಿದರು. ಅವರ ಎದುರು ಇದ್ದ ಮುಖ್ಯ ಉಪಕರಣಗಳಲ್ಲಿ ಈ ದಿಕ್ಕಿನ ಗೈರೊ ಒಂದು, ಜೊತೆಗೆ ರೇಡಿಯೋ ಕಿರಣದ ದಾರಿ. ದಿಕ್ಕು ಮತ್ತು ರೇಡಿಯೋ ಎರಡೂ ಜೊತೆಯಾಗಿ ಕೆಲಸ ಮಾಡಬೇಕು ಎನ್ನುವುದು ಅವತ್ತಿನಿಂದಲೂ ಇದೆ. ಒಂದೇ ಡಯಲ್‌ಗೆ ಬಂದದ್ದು ಆಮೇಲೆ.

ಆದರೆ ಗೈರೊಗೂ ಒಂದು ಕೊರತೆ ಇದೆ. ಉತ್ತರ ಎಲ್ಲಿದೆ ಎಂದು ಅದಕ್ಕೆ ತಾನಾಗಿ ಗೊತ್ತಿಲ್ಲ, ನಾವು ಹೇಳಿಕೊಟ್ಟದ್ದನ್ನು ಹಿಡಿದುಕೊಂಡಿರುತ್ತದೆ. ಬೇರಿಂಗ್‌ಗಳ ತಿಕ್ಕಾಟದಿಂದ ಸ್ವಲ್ಪ ಸ್ವಲ್ಪ ಜಾರುತ್ತದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದಲೂ ಜಾರುತ್ತದೆ. 30 ಡಿಗ್ರಿ ಅಕ್ಷಾಂಶದಲ್ಲಿ ಬರೀ ಈ ಕಾರಣಕ್ಕೇ ಗಂಟೆಗೆ ಏಳೂವರೆ ಡಿಗ್ರಿ. ಅದಕ್ಕೇ ಸಾದಾ ಗೈರೊ ಇರುವ ವಿಮಾನದಲ್ಲಿ ಸುಮಾರು 15 ನಿಮಿಷಕ್ಕೊಮ್ಮೆ ದಿಕ್ಸೂಚಿ ನೋಡಿ ಸರಿಪಡಿಸುವ ರೂಢಿ. ಹೆಚ್ಚಿನ ಎಚ್‌ಎಸ್‌ಐಗಳಲ್ಲಿ ಈ ಕೆಲಸ ತಾನಾಗಿ ಆಗುತ್ತದೆ. ರೆಕ್ಕೆಯ ತುದಿಯ ಹತ್ತಿರ, ಇಂಜಿನ್ ಮತ್ತು ವಿದ್ಯುತ್ ತಂತಿಗಳಿಂದ ದೂರ, ಫ್ಲಕ್ಸ್ ವಾಲ್ವ್ ಎಂಬ ಪುಟ್ಟ ಸಾಧನ ಕೂತಿರುತ್ತದೆ. ಭೂಮಿಯ ಕಾಂತಕ್ಷೇತ್ರ ಎತ್ತ ಇದೆ ಎಂದು ಅದು ಅಳೆಯುತ್ತದೆ. ಗೈರೊ ಜಾರಿದಷ್ಟನ್ನೂ ನಿಧಾನವಾಗಿ ಎಳೆದು ಸರಿಮಾಡುತ್ತದೆ. ಇದನ್ನು ಸ್ಲೇವಿಂಗ್ ಅನ್ನುತ್ತಾರೆ. ಬೆಂಡಿಕ್ಸ್ ಕಿಂಗ್‌ನ ಕೆಐ 525ಎ ಎಂಬ ಎಚ್‌ಎಸ್‌ಐ ಚಿಕ್ಕ ವಿಮಾನಗಳಲ್ಲಿ ಬಹಳ ಕಾಲದಿಂದ ಇದೆ. ಅದರ ಜೊತೆ ಪ್ಯಾನಲ್‌ನಲ್ಲಿ ಒಂದು ಪುಟಾಣಿ ಮೀಟರ್ ಇರುತ್ತದೆ. ಅದರ ಮುಳ್ಳು ಮಧ್ಯದ ಆಚೀಚೆ ನಿಧಾನವಾಗಿ ಆಡುತ್ತಿದ್ದರೆ ಸ್ಲೇವಿಂಗ್ ಜೀವಂತ ಇದೆ ಎಂದರ್ಥ. ಒಂದೇ ಕಡೆ ಅಂಟಿಕೊಂಡಿದ್ದರೆ ಅನುಮಾನ ಪಡಿ.

ಈಗ ಡಯಲ್‌ನ ಮುಖ ನೋಡೋಣ. ಮಧ್ಯದಲ್ಲಿ ಒಂದು ಪುಟ್ಟ ವಿಮಾನದ ಗುರುತು. ಅದು ಯಾವತ್ತೂ ಅಲುಗುವುದಿಲ್ಲ, ಮೂಗು ಯಾವಾಗಲೂ ಮೇಲಕ್ಕೆ. ಸುತ್ತ 360 ಡಿಗ್ರಿ ಬರೆದ ದುಂಡನೆಯ ಕಾರ್ಡ್ ತಿರುಗುತ್ತದೆ. ಮೇಲ್ತುದಿಯಲ್ಲಿರುವ ಗೆರೆಯ ಕೆಳಗೆ ಯಾವ ಅಂಕಿ ಇದೆಯೋ ಅದೇ ನಿಮ್ಮ ಹೆಡಿಂಗ್. ಆ ಗೆರೆಗೆ ಲಬ್ಬರ್ ಲೈನ್ ಎಂದು ಹೆಸರು. ಕಾರ್ಡ್‌ನ ಮೇಲೆ ಒಂದು ಉದ್ದ ಬಾಣ ಇದೆ. ಕೋರ್ಸ್ ನಾಬ್‌ನಿಂದ ಅದನ್ನು ನಾವು ಹೋಗಬೇಕಾದ ದಾರಿಯ ದಿಕ್ಕಿಗೆ, ಅಂದರೆ ಕೋರ್ಸ್‌ಗೆ, ಇಡುತ್ತೇವೆ. ಇಟ್ಟ ಮೇಲೆ ಅದು ಕಾರ್ಡ್‌ಗೆ ಅಂಟಿಕೊಂಡ ಹಾಗೆ, ಕಾರ್ಡ್ ತಿರುಗಿದರೆ ಜೊತೆಗೇ ತಿರುಗುತ್ತದೆ. ಬಾಣದ ತಲೆ ಮತ್ತು ಬಾಲ ಮಾತ್ರ ಗಟ್ಟಿ. ನಡುವಿನ ತುಂಡು ಬೇರೆಯಾಗಿ ಎಡಕ್ಕೆ ಬಲಕ್ಕೆ ಸರಿಯುತ್ತದೆ. ಆ ಸರಿಯುವ ಕಡ್ಡಿಯೇ ನೀವು ಹಿಡಿಯಬೇಕಾದ ದಾರಿ. ಪುಟ್ಟ ವಿಮಾನ ನೀವು. ದಾರಿ ನಿಮ್ಮಿಂದ ಯಾವ ಕಡೆಗೆ, ಯಾವ ಓರೆಯಲ್ಲಿ ಇದೆಯೋ ಕಡ್ಡಿ ಹಾಗೆಯೇ ಕಾಣುತ್ತದೆ. ಕಾಗದದ ನಕ್ಷೆಯನ್ನು ನಾವು ನಡೆಯುವ ದಿಕ್ಕಿಗೆ ತಿರುಗಿಸಿ ಹಿಡಿದುಕೊಂಡರೆ ಎಡ ಬಲ ಗೊಂದಲ ಆಗುವುದಿಲ್ಲ, ಅಲ್ವಾ? ಎಚ್‌ಎಸ್‌ಐ ಆ ತಿರುಗಿಸುವ ಕೆಲಸವನ್ನು ಪ್ರತಿ ಕ್ಷಣ ಮಾಡುತ್ತಿರುತ್ತದೆ.

ಇದಲ್ಲದೆ ಬೇಕಾದ ಹೆಡಿಂಗ್ ನೆನಪಿಗೆ ಇಟ್ಟುಕೊಳ್ಳುವ ಹೆಡಿಂಗ್ ಬಗ್ ಎಂಬ ಗುರುತು, ಟು-ಫ್ರಮ್ (ಕೋರ್ಸ್ ಸ್ಟೇಷನ್ ಕಡೆಗೋ, ಸ್ಟೇಷನ್‌ನಿಂದ ಆಚೆಗೋ) ಹೇಳುವ ಪುಟ್ಟ ತ್ರಿಕೋನ, ಪಕ್ಕದಲ್ಲಿ ಇಳಿಯುವ ದಾರಿಯ ಎತ್ತರ ಹೇಳುವ ಗ್ಲೈಡ್‌ಸ್ಲೋಪ್ ಮುಳ್ಳು, ಕೆಂಪು ಫ್ಲ್ಯಾಗ್‌ಗಳು ಇವೆ. ಬಗ್ ಬಿಟ್ಟು ಉಳಿದವಕ್ಕೆ ಆಮೇಲೆ ಬರೋಣ.

ರೇಡಿಯೋ ಕಡೆಯಿಂದ ಏನು ಬರುತ್ತದೆ? ಎಚ್‌ಎಸ್‌ಐ ಜೊತೆ ಜಾಸ್ತಿ ಕೆಲಸ ಮಾಡುವುದು ವಿಓಆರ್, ಅಂದರೆ ನೆಲದ ಮೇಲೆ ನಿಂತು ದಿಕ್ಕು ಹೇಳುವ ರೇಡಿಯೋ ಸ್ಟೇಷನ್. 108ರಿಂದ 117.95 ಮೆಗಾಹರ್ಟ್ಸ್ ನಡುವೆ ಅದರ ಪ್ರಸಾರ. ಅದು 30 ಹರ್ಟ್ಸ್‌ನ ಎರಡು ಸಂಕೇತ ಕಳಿಸುತ್ತದೆ. ಒಂದು ಎಲ್ಲಾ ದಿಕ್ಕಿಗೂ ಒಂದೇ ಥರ. ಇನ್ನೊಂದು ನೀವು ಸ್ಟೇಷನ್‌ನ ಯಾವ ದಿಕ್ಕಿನಲ್ಲಿದ್ದೀರಿ ಎನ್ನುವುದಕ್ಕೆ ತಕ್ಕ ಹಾಗೆ ಹಿಂದೆ ಬೀಳುತ್ತದೆ. ಮ್ಯಾಗ್ನೆಟಿಕ್ ಉತ್ತರದಲ್ಲಿ ನಿಂತರೆ ಎರಡೂ ಒಂದೇ ತಾಳದಲ್ಲಿ ಇರುತ್ತವೆ. ಪೂರ್ವದಲ್ಲಿ 90 ಡಿಗ್ರಿ ವ್ಯತ್ಯಾಸ, ದಕ್ಷಿಣದಲ್ಲಿ 180. ವಿಮಾನದ ರಿಸೀವರ್ ಆ ವ್ಯತ್ಯಾಸ ಅಳೆದು, ನೀವು ಇಂಥ ರೇಡಿಯಲ್ ಮೇಲೆ, ಅಂದರೆ ಸ್ಟೇಷನ್‌ನಿಂದ ಇಂಥ ಡಿಗ್ರಿಗೆ ಹೊರಟ ಗೆರೆಯ ಮೇಲೆ, ಇದ್ದೀರಿ ಎಂದು ಹೇಳುತ್ತದೆ. ಗಮನಿಸಿ, ವಿಮಾನದ ಮೂಗು ಎತ್ತ ಇದೆ ಎನ್ನುವುದು ವಿಓಆರ್‌ಗೆ ಗೊತ್ತೇ ಇಲ್ಲ. ನೀವಿರುವ ಜಾಗ ಮಾತ್ರ ಗೊತ್ತು. ಮೂಗಿನ ವಿಷಯ ಗೈರೊದಿಂದ ಬರುತ್ತದೆ. ಎರಡನ್ನೂ ಕೂಡಿಸುವ ಜಾಗ ಎಚ್‌ಎಸ್‌ಐ.

ಒಂದು ಉದಾಹರಣೆಯನ್ನು ನಿಧಾನವಾಗಿ ಮಾಡೋಣ. ನೀವು ಸ್ಟೇಷನ್‌ನ ಪಶ್ಚಿಮಕ್ಕೆ, ಸ್ವಲ್ಪ ದಕ್ಷಿಣಕ್ಕೆ ಇದ್ದೀರಿ. 270 ರೇಡಿಯಲ್ ಮೇಲೆ ಕೂತು ಸ್ಟೇಷನ್ ಕಡೆ ಹೋಗಬೇಕು. ಅಂದರೆ ಕೋರ್ಸ್ 090, ನೇರ ಪೂರ್ವಕ್ಕೆ. ಮೊದಲು ಫ್ರೀಕ್ವೆನ್ಸಿ ಹಾಕಿ. ಆಮೇಲೆ ಸ್ಟೇಷನ್ ಯಾವುದೆಂದು ಹೇಳುವ ಮೋರ್ಸ್ ಗುರುತು ಕೇಳಿ. ಇದನ್ನು ಬಿಡಬೇಡಿ. ಸ್ಟೇಷನ್ ರಿಪೇರಿಯಲ್ಲಿದ್ದರೆ ಆ ಗುರುತು ಬರದೇ ಇರಬಹುದು. ಫ್ರೀಕ್ವೆನ್ಸಿ ಒಂದಂಕಿ ತಪ್ಪಿದ್ದರೆ ಇನ್ಯಾವುದೋ ಸ್ಟೇಷನ್ ಹಿಡಿದಿರುತ್ತೀರಿ. ಗುರುತು ಸರಿ ಎಂದಾದ ಮೇಲೆ ಬಾಣವನ್ನು 090ಕ್ಕೆ ತಿರುಗಿಸಿ.

ಈಗ ನಿಮ್ಮ ಹೆಡಿಂಗ್ 030 ಎಂದುಕೊಳ್ಳಿ. ಲಬ್ಬರ್ ಲೈನ್ ಕೆಳಗೆ 030. ಬಾಣದ ತಲೆ ಬಲಕ್ಕೆ 60 ಡಿಗ್ರಿ ವಾಲಿದೆ, ಗಡಿಯಾರದ ಎರಡು ಗಂಟೆಯ ದಿಕ್ಕಿಗೆ. ಗೆರೆ ನಿಮ್ಮ ಉತ್ತರಕ್ಕಿರುವುದರಿಂದ ಕಡ್ಡಿ ಬಾಣದ ಎಡಕ್ಕೆ ಸರಿದಿದೆ. ಡಯಲ್ ಮೇಲೆ ಅದು ಪುಟ್ಟ ವಿಮಾನದ ಮುಂದೆ, ಅಡ್ಡವಾಗಿ ಬಿದ್ದಿದೆ. ಯಾವ ಲೆಕ್ಕವೂ ಬೇಡ, ಸುಮ್ನೆ ನೋಡಿ. ವಿಮಾನ ಹೀಗೇ ಹೋದರೆ ಆ ಕಡ್ಡಿಯನ್ನು ದಾಟುತ್ತದೆಯೇ? ದಾಟುತ್ತದೆ. ದೊಡ್ಡ ಕೋನದಲ್ಲಿ ದಾಟುತ್ತದೆಯೇ? ಹೌದು, 60 ಡಿಗ್ರಿ. ಅಷ್ಟು ಬೇಡ, 45 ಸಾಕು ಅನ್ನಿಸಿದರೆ ಬಾಣದ ತಲೆ ಬಲಗಡೆಯ 45 ಡಿಗ್ರಿ ಗುರುತಿಗೆ ಬರುವವರೆಗೆ ಬಲಕ್ಕೆ ತಿರುಗಿ. ಹೆಡಿಂಗ್ ತಾನಾಗಿ 045 ಆಗಿರುತ್ತದೆ. 90ರಲ್ಲಿ 45 ಕಳೆಯುವ ಕೆಲಸ ಡಯಲ್ ಮಾಡಿತು. ಹೆಚ್ಚಿನ ಎಚ್‌ಎಸ್‌ಐಗಳ ಅಂಚಿನಲ್ಲಿ ಆ 45ರ ಗುರುತುಗಳು ಇರುವುದು ಇದಕ್ಕೇ.

ಕಡ್ಡಿ ಮಧ್ಯಕ್ಕೆ ಬರತೊಡಗಿದಾಗ ಏನು ಮಾಡುವುದು? ಇದು ನನಗೆ ಬಹಳ ಇಷ್ಟವಾದ ಭಾಗ. ಕಡ್ಡಿಯ ಮೇಲ್ತುದಿಯನ್ನು ಲಬ್ಬರ್ ಲೈನ್ ಕೆಳಗೆ ಹಿಡಿದಿಡಿ. ಕಡ್ಡಿ ಒಳಕ್ಕೆ ಸರಿದಂತೆಲ್ಲ ಅದರ ತುದಿಯನ್ನೇ ಹಿಂಬಾಲಿಸಿ ಸ್ವಲ್ಪ ಸ್ವಲ್ಪ ತಿರುಗುತ್ತಾ ಹೋಗಿ. ದೂರ ಇದ್ದಾಗ ಕೋನ ದೊಡ್ಡದು, ಹತ್ತಿರವಾದಂತೆ ಕೋನ ಚಿಕ್ಕದಾಗುತ್ತಾ ಬರುತ್ತದೆ. ಗಾಳಿ ಇಲ್ಲದಿದ್ದರೆ ಕೊನೆಗೆ ವಿಮಾನ ಗೆರೆಯ ಮೇಲೆ ಮೆಲ್ಲಗೆ ಜಾರಿ ಕೂರುತ್ತದೆ. ಗೆರೆ ದಾಟಿ ಆಚೆ ಹೋಗುವುದು, ಮತ್ತೆ ಈಚೆ ಬರುವುದು, ಹಾವಿನ ಹಾಗೆ ಓಡಾಡುವುದು ತಪ್ಪುತ್ತದೆ. ಸಿಮ್ಯುಲೇಟರ್ ಇರುವವರು ಇದನ್ನು ಮನೆಯಲ್ಲಿ ಮಾಡಿ ನೋಡಿ. ನಾಲ್ಕೂ ದಿಕ್ಕಿನಿಂದ ಬಂದು ಹಿಡಿಯಿರಿ.

ಗೆರೆಯ ಮೇಲೆ ಕೂತಾಯಿತು. ಈಗ ಉತ್ತರದಿಂದ ಗಾಳಿ ಬೀಸುತ್ತಿದೆ. ಹೆಡಿಂಗ್ 090 ಇಟ್ಟುಕೊಂಡೇ ಇದ್ದರೆ ವಿಮಾನ ದಕ್ಷಿಣಕ್ಕೆ ತಳ್ಳಿಸಿಕೊಳ್ಳುತ್ತದೆ, ಕಡ್ಡಿ ಎಡಕ್ಕೆ ಸರಿಯುತ್ತದೆ. ಎಡಕ್ಕೆ ತಿರುಗಿ ಗೆರೆ ಹಿಡಿದು, 080 ಹೆಡಿಂಗ್‌ನಲ್ಲಿ ಕಡ್ಡಿ ಅಲುಗದೆ ನಿಂತಿತು ಎಂದುಕೊಳ್ಳಿ. ಈಗ ಡಯಲ್ ನೋಡಿದರೆ ಕಡ್ಡಿ ಮಧ್ಯದಲ್ಲಿದೆ, ಆದರೆ ಬಾಣ ಪೂರ್ತಿಯಾಗಿ 10 ಡಿಗ್ರಿ ಬಲಕ್ಕೆ ವಾಲಿದೆ. ಆ ವಾಲಿಕೆಯೇ ಗಾಳಿಗೆ ನೀವು ಕೊಟ್ಟ ತಿದ್ದುಪಡಿ. ವಿಮಾನದ ವೇಗ 100 ನಾಟ್ ಆದರೆ 10 ಡಿಗ್ರಿ ಎಂದರೆ ಅಡ್ಡಗಾಳಿ ಸುಮಾರು 17 ನಾಟ್. ಗಾಳಿ ಎಷ್ಟಿದೆ, ಎತ್ತಣಿಂದ ಬರುತ್ತಿದೆ ಎನ್ನುವುದು ಕಣ್ಣೆದುರೇ ಬರೆದಿಟ್ಟ ಹಾಗೆ ಆಯಿತು. ಎರಡು ಡಯಲ್ ಇದ್ದ ಕಾಲದಲ್ಲಿ ಇದು ಇಷ್ಟು ಸಲೀಸಾಗಿ ಕಾಣುತ್ತಿರಲಿಲ್ಲ.

ಸ್ಟೇಷನ್ ಹತ್ತಿರವಾದಂತೆ ಕಡ್ಡಿ ಚುರುಕಾಗುತ್ತದೆ. ವಿಓಆರ್‌ನಲ್ಲಿ ಕಡ್ಡಿ ಅಂಚಿಗೆ ಮುಟ್ಟಿದರೆ ಕಡಿಮೆ ಎಂದರೂ 10 ಡಿಗ್ರಿ ತಪ್ಪಿದ್ದೀರಿ ಎಂದರ್ಥ. ಡಿಗ್ರಿ ಎಷ್ಟು ದೂರ ಎನ್ನುವುದು ನೀವು ಎಲ್ಲಿದ್ದೀರಿ ಎನ್ನುವುದರ ಮೇಲೆ ನಿಂತಿದೆ. 60 ನಾಟಿಕಲ್ ಮೈಲಿ ದೂರದಲ್ಲಿ ಒಂದು ಡಿಗ್ರಿ ಎಂದರೆ ಒಂದು ಮೈಲಿ. 30 ಮೈಲಿಯಲ್ಲಿ ಅರ್ಧ ಮೈಲಿ. ಸ್ಟೇಷನ್ ನೆತ್ತಿಯ ಮೇಲೆ ಬಂದಾಗ ಸಂಕೇತವೇ ಅಸ್ಪಷ್ಟ. ಆಗ ಕಡ್ಡಿ ಹುಚ್ಚು ಹುಚ್ಚಾಗಿ ಓಡಾಡುತ್ತದೆ. ಅದನ್ನು ಬೆನ್ನು ಹತ್ತಬೇಡಿ. ಹೆಡಿಂಗ್ ಹಿಡಿದು ಸುಮ್ಮನಿರಿ. ಬಾಣದ ತಲೆಯ ಕಡೆ ಮುಖ ಮಾಡಿದ್ದ ತ್ರಿಕೋನ ಮಗುಚಿ ಬಾಲದ ಕಡೆ ಮುಖ ಮಾಡಿದರೆ ಸ್ಟೇಷನ್ ದಾಟಿದಿರಿ. ತ್ರಿಕೋನ ಎತ್ತ ತೋರಿಸುತ್ತದೋ ಸ್ಟೇಷನ್ ಆ ಕಡೆ.

ಈಗ ಎಚ್‌ಎಸ್‌ಐಯ ನಿಜವಾದ ಹೆಚ್ಚುಗಾರಿಕೆಗೆ ಬರೋಣ. ಮೂಗು ಎತ್ತ ಇದೆ ಎಂದು ವಿಓಆರ್‌ಗೆ ಗೊತ್ತಿಲ್ಲ ಅಂದೆನಲ್ಲ, ಹಳೆಯ ಸಿಡಿಐಗೂ ಗೊತ್ತಿಲ್ಲ. ಅದರಲ್ಲಿ 090 ಹಾಕಿ, ನೀವು 270ರ ಕಡೆ, ಅಂದರೆ ಪೂರ್ತಿ ಉಲ್ಟಾ ಹಾರುತ್ತಿದ್ದೀರಿ ಎಂದುಕೊಳ್ಳಿ. ಗೆರೆಯ ಉತ್ತರಕ್ಕಿದ್ದೀರಿ. ಸಿಡಿಐ ಪೂರ್ವಕ್ಕೆ ಮುಖ ಮಾಡಿದವರಿಗೆ ಹೇಳುವಂತೆ, ಗೆರೆ ಬಲಕ್ಕಿದೆ ಅನ್ನುತ್ತದೆ. ಆದರೆ ಪಶ್ಚಿಮಕ್ಕೆ ಹೋಗುತ್ತಿರುವ ನಿಮಗೆ ಗೆರೆ ಎಡಕ್ಕಿದೆ. ಮುಳ್ಳಿನ ಮಾತು ಕೇಳಿ ಬಲಕ್ಕೆ ತಿರುಗಿದರೆ ಗೆರೆಯಿಂದ ಇನ್ನೂ ದೂರ. ಇದಕ್ಕೆ ರಿವರ್ಸ್ ಸೆನ್ಸಿಂಗ್ ಎನ್ನುತ್ತಾರೆ. ಎಚ್‌ಎಸ್‌ಐನಲ್ಲಿ ಅದೇ ಪರಿಸ್ಥಿತಿ ನೋಡಿ. ಕಾರ್ಡ್ 270ಕ್ಕೆ ತಿರುಗಿರುವುದರಿಂದ ಬಾಣ ತಲೆಕೆಳಗಾಗಿ ನಿಂತಿದೆ. ಬಾಣದ ಬಲಕ್ಕೆ ಸರಿದ ಕಡ್ಡಿ ನಿಮ್ಮ ಎಡಗಡೆ ಕಾಣುತ್ತದೆ. ಚಿತ್ರ ಸರಿಯಾಗಿಯೇ ಇದೆ. ಎಡಕ್ಕೆ ತಿರುಗಿ, ಮುಗಿಯಿತು.

ಇದು ಲೋಕಲೈಜರ್‌ನಲ್ಲಿ ಇನ್ನೂ ಮುಖ್ಯ. ಲೋಕಲೈಜರ್ ಎಂದರೆ ಐಎಲ್‌ಎಸ್‌ನಲ್ಲಿ, ಅಂದರೆ ರೇಡಿಯೋ ಕಿರಣ ಹಿಡಿದು ಇಳಿಯುವ ವ್ಯವಸ್ಥೆಯಲ್ಲಿ, ರನ್‌ವೇ ನಡುಗೆರೆಯನ್ನು ತೋರಿಸುವ ಭಾಗ. ಆಂಟೆನಾ ರನ್‌ವೇಯ ಆಚೆ ತುದಿಯಲ್ಲಿರುತ್ತದೆ. ಇಳಿಯಲು ಬರುವವರ ಬಲಕ್ಕೆ 150 ಹರ್ಟ್ಸ್, ಎಡಕ್ಕೆ 90 ಹರ್ಟ್ಸ್ ಜೋರಾಗಿರುತ್ತದೆ, ಮಧ್ಯದಲ್ಲಿ ಎರಡೂ ಸಮ. ರಿಸೀವರ್ ಎರಡರ ವ್ಯತ್ಯಾಸ ನೋಡಿ ಕಡ್ಡಿ ಸರಿಸುತ್ತದೆ. ಅಂಚಿನವರೆಗೆ ಎಂದರೆ ಸುಮಾರು ಎರಡೂವರೆ ಡಿಗ್ರಿ, ವಿಓಆರ್‌ಗಿಂತ ನಾಲ್ಕು ಪಟ್ಟು ಸೂಕ್ಷ್ಮ.

ಇಲ್ಲಿ ಒಂದು ವಿಷಯ ಚೆನ್ನಾಗಿ ಕೇಳಿಸಿಕೊಳ್ಳಿ, ಇವತ್ತಿನ ಮಾತಿನಲ್ಲಿ ಒಂದನ್ನೇ ಮನೆಗೆ ಒಯ್ಯುವುದಾದರೆ ಇದನ್ನು ಒಯ್ಯಿರಿ. ವಿಓಆರ್‌ನಲ್ಲಿ ನೀವು ಬಾಣ ತಿರುಗಿಸಿದರೆ ಕಡ್ಡಿಯೂ ಸರಿಯುತ್ತದೆ. ಯಾವ ಗೆರೆ ಬೇಕು ಎಂದು ಕೇಳುವುದೇ ಆ ಬಾಣದಿಂದ. ಲೋಕಲೈಜರ್‌ನಲ್ಲಿ ಹಾಗಲ್ಲ. ಅಲ್ಲಿರುವುದು ಒಂದೇ ಗೆರೆ. ನೀವು ಬಾಣವನ್ನು ಎಲ್ಲಿ ಬೇಕಾದರೂ ಇಡಿ, ಕಡ್ಡಿ ಬಾಣದಿಂದ ಅಷ್ಟೇ ದೂರ ನಿಲ್ಲುತ್ತದೆ. ಅಂದರೆ ಬಾಣ ತಪ್ಪಿಟ್ಟಿದ್ದೀರಿ ಎಂದು ಉಪಕರಣ ನಿಮಗೆ ಹೇಳುವುದೇ ಇಲ್ಲ. ರನ್‌ವೇ ಕೋರ್ಸ್ 090 ಇದ್ದು ಬಾಣ ಹಿಂದಿನ ವಿಓಆರ್‌ನ 140ರಲ್ಲೇ ಉಳಿದಿದ್ದರೆ, ಚಿತ್ರ 50 ಡಿಗ್ರಿ ಓರೆಯಾಗಿರುತ್ತದೆ. ಕಡ್ಡಿಯ ಎಡ ಬಲ ಸರಿ ಇದ್ದರೂ ಎಷ್ಟು ತಿರುಗಬೇಕು ಎನ್ನುವ ನಿಮ್ಮ ಅಂದಾಜು ಕೆಡುತ್ತದೆ. ಮೆಕ್ಯಾನಿಕಲ್ ಎಚ್‌ಎಸ್‌ಐಗೆ ಜಿಪಿಎಸ್ ಜೋಡಿಸಿದಾಗಲೂ ಇದೇ ಕಥೆ. ಜಿಪಿಎಸ್ ಕಡ್ಡಿಯನ್ನು ಸರಿಸುತ್ತದೆ, ಬಾಣವನ್ನು ನೀವೇ ತಿರುಗಿಸಬೇಕು. ದಾರಿಯಲ್ಲಿ ಪ್ರತಿ ತಿರುವಿಗೂ ಬಾಣ ಹೊಸದಾಗಿ ಇಡುವುದನ್ನು ಕೈಗೆ ಅಭ್ಯಾಸ ಮಾಡಿಸಿ.

ಹಾಗಾದರೆ ಲೋಕಲೈಜರ್‌ನಲ್ಲಿ ಬಾಣ ಎಲ್ಲಿಡಬೇಕು? ಯಾವಾಗಲೂ ಫ್ರಂಟ್ ಕೋರ್ಸ್‌ಗೆ, ಅಂದರೆ ಐಎಲ್‌ಎಸ್‌ನಲ್ಲಿ ಇಳಿಯಲು ಬರುವ ಮಾಮೂಲಿ ದಿಕ್ಕಿಗೆ. ಅದೇ ಗೆರೆಯ ಹಿಂಬದಿಯಿಂದ, ಅಂದರೆ ಬ್ಯಾಕ್ ಕೋರ್ಸ್‌ನಿಂದ 270ರ ಕಡೆ ಇಳಿಯಲು ಬರುತ್ತಿದ್ದರೂ ಬಾಣ 090ರಲ್ಲೇ ಇರಲಿ. ಬಾಣ ತಲೆಕೆಳಗಾಗಿ ಕಾಣುತ್ತದೆ, ಕಡ್ಡಿ ಸರಿಯಾದ ಕಡೆಗೇ ಇರುತ್ತದೆ. ಹಾರುತ್ತಿರುವ ದಿಕ್ಕಿಗೇ ಬಾಣ ಇರಲಿ ಎಂದು 270 ಇಟ್ಟಿರೋ, ಎಡ ಬಲ ಅದಲು ಬದಲು. ಬ್ಯಾಕ್ ಕೋರ್ಸ್‌ನಲ್ಲಿ ಗ್ಲೈಡ್‌ಸ್ಲೋಪ್ ಮುಳ್ಳು ಏನೇ ತೋರಿಸಿದರೂ ನಂಬಬೇಡಿ.

ಗ್ಲೈಡ್‌ಸ್ಲೋಪ್ ಬಗ್ಗೆ ಎರಡೇ ಮಾತು. ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರು, ನಾಟಿಕಲ್ ಮೈಲಿಗೆ ಸುಮಾರು 320 ಅಡಿ. ಮುಳ್ಳು ಮಧ್ಯದಿಂದ ಮೇಲಿದ್ದರೆ ದಾರಿ ನಿಮ್ಮ ಮೇಲಿದೆ, ನೀವು ತಗ್ಗಿದ್ದೀರಿ.

ಫ್ಲ್ಯಾಗ್‌ಗಳ ವಿಷಯ. ನ್ಯಾವ್ ಫ್ಲ್ಯಾಗ್ ಬಂದರೆ ರೇಡಿಯೋ ಸಂಕೇತ ನಂಬುವಂತಿಲ್ಲ. ಸಂಕೇತ ಸತ್ತಾಗ ಕಡ್ಡಿ ಹೋಗಿ ನಿಲ್ಲುವುದು ಮಧ್ಯದಲ್ಲಿ. ಅಂದರೆ ಎಲ್ಲವೂ ಚೆನ್ನಾಗಿರುವಾಗ ಹೇಗೆ ಕಾಣುತ್ತದೋ ಹಾಗೇ ಕಾಣುತ್ತದೆ, ಆ ಪುಟ್ಟ ಕೆಂಪು ಪಟ್ಟಿ ಒಂದನ್ನು ಬಿಟ್ಟು. ಕಡ್ಡಿ ಬಹಳ ಹೊತ್ತು ಒಂದಿಷ್ಟೂ ಅಲುಗದೆ ನಿಂತಿದ್ದರೆ ಖುಷಿ ಪಡುವ ಮುಂಚೆ ಫ್ಲ್ಯಾಗ್ ಕಡೆ ಒಮ್ಮೆ ನೋಡಿ. ಎಚ್‌ಡಿಜಿ ಫ್ಲ್ಯಾಗ್ ಬಂದರೆ ಹೆಡಿಂಗ್ ಕೆಟ್ಟಿದೆ. ಸ್ಲೇವಿಂಗ್ ತಪ್ಪಿ ಗೈರೊ ಸುಮ್ಮನೆ ಜಾರುತ್ತಿದ್ದರೆ ಫ್ಲ್ಯಾಗ್ ಬರದೆಯೂ ಇರಬಹುದು. ಹಾಗಾಗಿ ಹಾರುವ ಮುಂಚೆ, ರನ್‌ವೇಯಲ್ಲಿ ನಿಂತಾಗ, ಅಪ್ರೋಚ್, ಅಂದರೆ ಇಳಿಯಲು ರನ್‌ವೇ ಕಡೆ ಬರುವುದನ್ನು, ಶುರು ಮಾಡುವ ಮುಂಚೆ ಕಾರ್ಡ್ ಮತ್ತು ಕಾಂತದ ದಿಕ್ಸೂಚಿ ಒಂದೇ ಮಾತು ಹೇಳುತ್ತಿವೆಯೇ ನೋಡಿ. ಎರಡು ಸೆಕೆಂಡಿನ ಕೆಲಸ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಉಪಯೋಗಕ್ಕೆ ಬರುವಂಥವನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: ಈಗ ಎಲ್ಲಾ ಪರದೆ ಮೇಲೆ ಬರುತ್ತದಲ್ಲ, ಇಷ್ಟೆಲ್ಲ ಕಲಿಯಬೇಕಾ? ಬೇಕು. ಗಾರ್ಮಿನ್ ಜಿ1000 ಥರದ ಪರದೆಯಲ್ಲೂ ಕೆಳಭಾಗದಲ್ಲಿ ಇರುವುದು ಇದೇ ಎಚ್‌ಎಸ್‌ಐ. ಅಲ್ಲಿ ಜಿಪಿಎಸ್ ದಾರಿಯಾದರೆ ಬಾಣ ಮೆಜೆಂಟಾ ಬಣ್ಣ, ವಿಓಆರ್ ಅಥವಾ ಲೋಕಲೈಜರ್ ಆದರೆ ಹಸಿರು. ಜಿಪಿಎಸ್‌ನಲ್ಲಿ ಬಾಣ ತಾನಾಗಿ ತಿರುಗುತ್ತದೆ. ಬಣ್ಣ ನೋಡದೆ ಹಾರಿದರೆ, ಹಸಿರಿಗೆ ಬದಲಾಗಬೇಕಾದ ಹೊತ್ತಿನಲ್ಲಿ ಮೆಜೆಂಟಾ ಹಿಡಿದುಕೊಂಡೇ ಇಳಿಯಲು ಹೊರಟಿರುತ್ತೀರಿ. ಅಂಚಿನವರೆಗೆ ಸರಿದ ಕಡ್ಡಿ ಎಷ್ಟು ದೂರ ಎನ್ನುವುದೂ ಜಿಪಿಎಸ್‌ನಲ್ಲಿ ಬೇರೆ. ಅಲ್ಲಿ ಡಿಗ್ರಿ ಅಲ್ಲ, ನಾಟಿಕಲ್ ಮೈಲಿ ಲೆಕ್ಕ. ವಿಮಾನ ನಿಲ್ದಾಣದ ಸುತ್ತಮುತ್ತ ಒಂದು ಮೈಲಿ, ಅಪ್ರೋಚ್‌ನಲ್ಲಿ 0.3 ಮೈಲಿಗೆ ಇಳಿಯುತ್ತದೆ.

ಇನ್ನೊಬ್ಬರು: ಕಡ್ಡಿ ಅಂಚಿಗೆ ಮುಟ್ಟಿ ನಿಂತಿದ್ದರೆ ಎಷ್ಟು ತಪ್ಪಿದ್ದೇವೆ ಎಂದು ಗೊತ್ತಾಗುತ್ತದಾ? ಇಲ್ಲ. 10 ಡಿಗ್ರಿಯೂ ಇರಬಹುದು, 70 ಡಿಗ್ರಿಯೂ ಇರಬಹುದು. ವಿಓಆರ್ ಆದರೆ ಬಾಣವನ್ನು ತಿರುಗಿಸುತ್ತಾ ಹೋಗಿ, ಕಡ್ಡಿ ಮಧ್ಯಕ್ಕೆ ಬಂದು ತ್ರಿಕೋನ ತಲೆಯ ಕಡೆ ಇರುವಂತೆ ಮಾಡಿ. ಬಾಣದ ತಲೆ ಸ್ಟೇಷನ್‌ಗೆ ಹೋಗುವ ಕೋರ್ಸ್, ಬಾಲ ನೀವು ಕೂತಿರುವ ರೇಡಿಯಲ್. ಆಮೇಲೆ ಬೇಕಾದ ಕೋರ್ಸ್‌ಗೆ ಬಾಣ ವಾಪಸ್ ಇಟ್ಟುಕೊಳ್ಳಿ.

ಕೊನೆಯ ಪ್ರಶ್ನೆ ಮೋಡದ ಒಳಗೆ ಹೆಡಿಂಗ್ ಕೆಟ್ಟರೆ ಏನು ಗತಿ ಎಂದು. ಕಾರ್ಡ್ ನಿಂತುಹೋದರೂ ಕಡ್ಡಿ ಸತ್ತಿಲ್ಲ. ಎಚ್‌ಎಸ್‌ಐ ಈಗ ಹಳೆಯ ಸಿಡಿಐ ಆಗಿದೆ, ಅಷ್ಟೇ. ಬಾಣವನ್ನು ನೀವು ಹಾರುವ ಕೋರ್ಸ್‌ಗೆ ಇಟ್ಟು, ಬಾಣದ ದಿಕ್ಕಿಗೆ ಮುಖ ಮಾಡಿ ನಿಂತವರ ಹಾಗೆ ಕಡ್ಡಿ ಎಡಕ್ಕೋ ಬಲಕ್ಕೋ ಎಂದು ಮಾತ್ರ ಓದಿ. ಓರೆ, ಕೋನ ಇವುಗಳನ್ನು ಮರೆತುಬಿಡಿ. ಹಿಮ್ಮುಖ ಹಾರಿದರೆ ರಿವರ್ಸ್ ಸೆನ್ಸಿಂಗ್ ಈಗ ಎಚ್‌ಎಸ್‌ಐನಲ್ಲೂ ಬರುತ್ತದೆ. ಹಳೆಯ ಸಿಡಿಐಯನ್ನು ಕಲಿಯದೆ ನೇರವಾಗಿ ಎಚ್‌ಎಸ್‌ಐಗೆ ಹಾರಬೇಡಿ ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ. ಹೆಡಿಂಗ್‌ಗೆ ಕಾಂತದ ದಿಕ್ಸೂಚಿ ಇದೆ, ಆದರೆ ತಿರುವಿನಲ್ಲಿ ಅದು ಓಲಾಡುತ್ತದೆ. ಹಾಗಾಗಿ ಗಡಿಯಾರ ನೋಡಿ ತಿರುಗಿ. ಸೆಕೆಂಡಿಗೆ 3 ಡಿಗ್ರಿಯ ಸ್ಟ್ಯಾಂಡರ್ಡ್ ತಿರುವು, 30 ಡಿಗ್ರಿ ಬೇಕಿದ್ದರೆ 10 ಸೆಕೆಂಡ್. ರೆಕ್ಕೆ ಸಮ ಮಾಡಿ, ದಿಕ್ಸೂಚಿ ನಿಲ್ಲುವವರೆಗೆ ಕಾಯಿರಿ, ಆಮೇಲೆ ಓದಿ.